ಹಸದ್ರ ತಿಂತೈತಿ

ಕುಸುಬಿ ಊಟ ಬಿಟ್ಟು ಒಂದು ದಿನ ಆಗಿತ್ತು. ಕುಸುಬಿ ಅಂದ್ರೆ ನಮ್ಮ ಮನೆ ಬೆಕ್ಕು. ನಮ್ಮ ಕಡೆ ಹೊಲದಾಗ ಅರಳುವ ಕುಸುಬಿ ಹೂವಿನ ಬಣ್ಣ, ಅದಕ್ಕೇ ಆ ಹೆಸರು. ಬೆಳಿಗ್ಗೆ ಹಾಕಿದ ಡ್ರೈ ಫುಡ್ ರಾತ್ರಿಯಾದರೂ ಬಟ್ಟಲಿನಲ್ಲಿ ಹಾಗೇ ಇತ್ತು. ಬರುವುದು, ಮೂಸುವುದು, ನನ್ನ ಮುಖ ನೋಡುವುದು, ಹೋಗಿ ಕಿಟಕಿ ಹತ್ತಿರ ಕೂರುವುದು. ಇಷ್ಟೇ ಕೆಲಸ.

ರಾತ್ರಿ ಯಾವಗಲ್ಲಿಗೆ ಫೋನ್ ಮಾಡಿದಾಗ ಅವ್ವನಿಗೆ ಹೇಳಿದೆ. ಅವ್ವ ನಕ್ಕಳು.

“ಬೆಕ್ಕಿಗೆ ಇಷ್ಟ ಸೊಕ್ಕ ಏನಪಾ? ಹಸದ್ರ ತಿಂತೈತಿ ಬಿಡು ತಮ್ಮಾ.”

ಬಿಟ್ಟೆ. ಈ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. ಪಲ್ಯ ಒಲ್ಲೆ ಅಂದರೂ ಇದೇ, ನವಣೆ ಅನ್ನ ಒಲ್ಲೆ ಅಂದರೂ ಇದೇ. ಹಾಗೆ ಬೆಳೆದವರು ಯಾರೂ ಕೆಟ್ಟಿಲ್ಲ ಅನ್ನೋ ನಂಬಿಕೆ ಬೇರೆ.

ಎರಡನೆಯ ದಿನವೂ ಅದು ತಿನ್ನಲಿಲ್ಲ. ನಾನೂ ಬಗ್ಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯ ಕೆಳಗಿಂದ ಎದ್ದೇ ಬರಲಿಲ್ಲ. ಆಗ ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆ. ಅವರು ಮೊದಲು ಕೇಳಿದ್ದು, “ಎಷ್ಟು ದಿನದಿಂದ ತಿಂದಿಲ್ಲ?” ನಾನು ಎರಡೂವರೆ ದಿನ ಅಂದೆ. ಅವರು ಬೈಯಲಿಲ್ಲ. ಸಮಾಧಾನವಾಗಿ ವಿವರಿಸಿದರು, ಅದು ಬೈಗುಳಕ್ಕಿಂತ ಜೋರಾಗಿ ತಾಕಿತು.

ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ, ಅದರಲ್ಲೂ ಮೈತುಂಬಿದ ಬೆಕ್ಕಾದರೆ, ದೇಹ ತನ್ನ ಕೊಬ್ಬನ್ನೆಲ್ಲ ಪಿತ್ತಜನಕಾಂಗಕ್ಕೆ ಸಾಗಿಸತೊಡಗುತ್ತದೆ. ಅಷ್ಟು ಕೊಬ್ಬನ್ನು ಕರಗಿಸುವ ಶಕ್ತಿ ಆ ಅಂಗಕ್ಕಿಲ್ಲ. ಅದು ಕೊಬ್ಬು ತುಂಬಿ ಸೋಲತೊಡಗುತ್ತದೆ. ಸೋತ ಮೇಲೆ ಹಸಿವೇ ಹೋಗುತ್ತದೆ. ಅಂದರೆ ಬೆಕ್ಕಿನ ವಿಷಯದಲ್ಲಿ “ಹಸದ್ರ ತಿಂತೈತಿ” ಅನ್ನೋದು ಒಂದು ಹಂತ ದಾಟಿದ ಮೇಲೆ ಸುಳ್ಳು. ಹಸಿವಿನಿಂದ ಪಾಠ ಕಲಿಸೋಕೆ ಹೋದರೆ ಪಾಠಕ್ಕಿಂತ ಮೊದಲು ಬೆಕ್ಕು ಹೋಗುತ್ತದೆ.

ಆಮೇಲೆ ಅವರು ಬಾಯಿ ತೆರೆಸಿ ನೋಡಿದರು. ಹಿಂದಿನ ದವಡೆಯಲ್ಲಿ ಒಂದು ಹಲ್ಲು ಬುಡದಲ್ಲಿ ಕರಗಿಹೋಗಿತ್ತು, ವಸಡು ಕೆಂಪಗೆ ಬಾತಿತ್ತು. ಬೆಕ್ಕುಗಳಲ್ಲಿ ಹೀಗೆ ಹಲ್ಲು ತಾನಾಗಿಯೇ ಕರಗುವುದು ಅಪರೂಪವಲ್ಲವಂತೆ. ನೋವನ್ನು ಅವು ತೋರಿಸಿಕೊಳ್ಳುವುದೂ ಇಲ್ಲ. ಒಂದೊಂದು ಒಣ ಕಾಳು ಕಡಿದಾಗಲೂ ಅದಕ್ಕೆ ಏನಾಗುತ್ತಿತ್ತೋ. ನಾನು ಅದನ್ನ ಸೊಕ್ಕು ಅಂದುಕೊಂಡಿದ್ದೆ.

ಮನೆಗೆ ಬರುವಾಗ ಆಟೋದಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕು ನೆನಪಾಯಿತು. ಆ ಕತೆ ನಮಗೆಲ್ಲ ಗೊತ್ತು. ಇಲಿ ಕಾಟಕ್ಕೆ ಕೃಷ್ಣದೇವರಾಯ ಮನೆಮನೆಗೆ ಬೆಕ್ಕು ಕೊಡುತ್ತಾನೆ, ಅದಕ್ಕೆ ಹಾಲು ಬೇಕಲ್ಲ ಅಂತ ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕಿನ ಬಾಯಿ ಸುಡುತ್ತಾನೆ. ಅಲ್ಲಿಂದ ಮುಂದೆ ಹಾಲು ಕಂಡರೆ ಬೆಕ್ಕು ಓಡುತ್ತದೆ, ಹಾಲೆಲ್ಲ ಇವನ ಪಾಲು. ಚಿಕ್ಕವನಿದ್ದಾಗ ಇದನ್ನ ಜಾಣತನದ ಕತೆ ಅಂತ ನಕ್ಕಿದ್ದೆ. ಈಗ ಬೆಕ್ಕಿನ ಕಡೆಯಿಂದ ಯೋಚಿಸಿದರೆ, ಆಸ್ಥಾನದ ಮುಂದೆ ನಿಂತ ಆ ಬೆಕ್ಕು ನೋಡುವವರಿಗೆ ಬರೀ “ಹಾಲು ಒಲ್ಲದ ವಿಚಿತ್ರ ಬೆಕ್ಕು”. ಅದರ ‘ಒಲ್ಲೆ’ಯ ಹಿಂದೆ ಸುಟ್ಟ ನಾಲಿಗೆ ಇದೆ ಅಂತ ಗೊತ್ತಿರೋದು ಸುಟ್ಟವನಿಗೆ ಮಾತ್ರ.

ಹಾಗಂತ ಅವ್ವನ ಮಾತು ತಪ್ಪಾ? ಇದನ್ನ ನಾನು ಬಹಳ ಯೋಚಿಸಿದ್ದೇನೆ. ನನಗೆ ಅನಿಸೋದು, ಊರಲ್ಲಿ ಅದು ನ್ಯಾಯದ ಮಾತೇ.

ಊರಲ್ಲಿ ನಮ್ಮ ಮನೆಯಲ್ಲೂ ಬೆಕ್ಕಿತ್ತು. ನಮ್ಮದು ಎರಿ ಹೊಲದ ಸೀಮೆ. ಬಿಳಿಜೋಳ, ಕಡಲೆ, ಹತ್ತಿ. ಹಿಂದೆ ಜೋಳ ಹಗೇವಿನಲ್ಲಿ ಇರುತ್ತಿತ್ತಂತೆ, ನಾನು ನೋಡುವ ಹೊತ್ತಿಗೆ ಚೀಲಗಳಾಗಿ ಪಡಸಾಲೆಗೆ ಬಂದಿತ್ತು. ಚೀಲ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಅದಕ್ಕೆ ಹೆಸರು ಇರಲಿಲ್ಲ. ಅವ್ವ ರೊಟ್ಟಿ ಬಡಿದು ಮುಗಿಸಿ, ಒಂದು ತುಂಡನ್ನು ಹಾಲಲ್ಲಿ ಕಿವುಚಿ ಒಡೆದ ಗಡಿಗೆಯ ತಳಕ್ಕೆ ಹಾಕುತ್ತಿದ್ದಳು. ಕೆಲವು ದಿನ ನೆಕ್ಕುತ್ತಿತ್ತು, ಕೆಲವು ದಿನ ತಿರುಗಿಯೂ ನೋಡುತ್ತಿರಲಿಲ್ಲ. ನಾವು ಬೆಕ್ಕು ಸಾಕಿದ್ದೇವೆ ಅಂದುಕೊಂಡಿದ್ದೆವು. ನಿಜ ಹೇಳಬೇಕೆಂದರೆ ಅದರ ಊಟ ಹಗೇವಿನ ಹತ್ತಿರ, ಬಣವೆಯ ಸಂದಿಯಲ್ಲಿ, ಹಿತ್ತಲಲ್ಲಿ ಓಡಾಡುತ್ತಿತ್ತು. ನಮ್ಮ ಹಾಲು-ರೊಟ್ಟಿ ಬರೀ ನೆಂಟಸ್ತಿಕೆ.

ನನಗೂ ಅಷ್ಟೇ. ನವಣೆ ಅನ್ನ ಒಲ್ಲೆ ಅಂದರೆ ಅವ್ವ ಬೇರೆ ಮಾಡುತ್ತಿರಲಿಲ್ಲ, ಮಾಡೋಕೆ ಇರುತ್ತಲೂ ಇರಲಿಲ್ಲ. ನಾನು ಸಿಟ್ಟಿನಿಂದ ಎದ್ದು ಎರಡು ಮನೆ ಆಚೆ ದೊಡ್ಡವ್ವನ ಅಡುಗೆಮನೆಗೆ ಹೋಗುತ್ತಿದ್ದೆ. ಅಲ್ಲಿ ಏನಿರುತ್ತೋ ಅದನ್ನ ತಿಂದು ಬರುತ್ತಿದ್ದೆ. ಅವ್ವನಿಗೆ ಅದು ಗೊತ್ತಿರುತ್ತಿತ್ತು. “ಹಸದ್ರ ತಿಂತೈತಿ” ಅನ್ನುವ ಮನೆಯ ಬಾಗಿಲು ತೆರೆದೇ ಇರುತ್ತಿತ್ತು. ಆ ತೆರೆದ ಬಾಗಿಲೇ ಆ ಮಾತನ್ನು ಕ್ರೂರವಾಗದಂತೆ ಕಾಯುತ್ತಿತ್ತು.

ಬೆಂಗಳೂರಿನಲ್ಲಿ ನಾನಿರೋದು ಐದನೇ ಮಹಡಿ. ಬಾಲ್ಕನಿಗೆ ನೆಟ್ ಹೊಡೆಸಿದ್ದೇನೆ. ಅದು ಸರಿಯೇ, ಬಿದ್ದರೆ ಅಪಾಯ, ಕೆಳಗಿಳಿದರೆ ಗಾಡಿಗಳು, ನಾಯಿಗಳು. ಆದರೆ ಆ ನೆಟ್ ಹೊಡೆಸಿದ ದಿನ ಬೆಕ್ಕಿನ ಇಲಿ, ಬಣವೆ, ಪಕ್ಕದ ಮನೆ ಎಲ್ಲವನ್ನೂ ನಾನು ಕಿತ್ತುಕೊಂಡೆ. ಈಗ ಅದರ ಪಾಲಿಗೆ ಜಗತ್ತಿನಲ್ಲಿರುವ ಊಟ ಅಂದರೆ ನಾನು ಬಟ್ಟಲಿಗೆ ಏನು ಹಾಕುತ್ತೇನೋ ಅದು. ಬಾಗಿಲು ಹಾಕಿದವನು ಬಾಗಿಲು ತೆರೆದಿದ್ದ ಕಾಲದ ಮಾತನ್ನು ಹೇಳಬಾರದು. ಆ ಎರಡೂವರೆ ದಿನ ನಾನು ಮಾಡಿದ್ದು ಅದೇ ತಪ್ಪು.

ಹೀಗೆ ಎಲ್ಲವನ್ನೂ ನಾವೇ ನಿರ್ಧರಿಸೋದು ಎಷ್ಟು ದೊಡ್ಡ ಹೊಣೆ ಅನ್ನೋದಕ್ಕೆ ಒಂದು ಉದಾಹರಣೆ. 1987ರಲ್ಲಿ ಅಮೆರಿಕದ ಪಾಲ್ ಪಿಯಾನ್ ಮತ್ತು ಜೊತೆಗಾರರು, ಹೃದಯ ದುರ್ಬಲವಾಗಿ ಸಾಯುತ್ತಿದ್ದ ಬೆಕ್ಕುಗಳಿಗೆ ಟಾರೀನ್ ಕೊರತೆ ಕಾರಣ ಅಂತ ತೋರಿಸಿದರು. ಟಾರೀನ್ ಮಾಂಸದಲ್ಲಿ ಸಿಗುವ ಒಂದು ಅಂಶ, ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯ, ಲೆಕ್ಕ ಹಾಕಿಯೇ ತಯಾರಿಸಿದ ಆಹಾರ. ಟಾರೀನ್ ಕೊಟ್ಟ ಮೇಲೆ ಹಲವು ಚೇತರಿಸಿಕೊಂಡವು, ತಯಾರಕರು ಪ್ರಮಾಣ ಹೆಚ್ಚಿಸಿದರು. ಊರ ಬೆಕ್ಕಿಗೆ ಇದ್ಯಾವುದೂ ಬೇಕಿರಲಿಲ್ಲ, ಇಲಿಯಲ್ಲೇ ಎಲ್ಲ ಇತ್ತು. ಇಲಿಯ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರೇ.

ಆ ನೀರಿನ ಲೆಕ್ಕವೇ ನಮ್ಮ ಮನೆಯ ಈಗಿನ ಪದ್ಧತಿಗೆ ಕಾರಣ. ಸಾಕು ಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನಾಡಿನ ಕಾಡುಬೆಕ್ಕು. ಬೇಟೆಯಿಂದಲೇ ನೀರು ಪಡೆಯುವ ಜೀವ, ಅದಕ್ಕೆ ಬಾಯಾರಿಕೆ ಕಡಿಮೆ. ಡ್ರೈ ಫುಡ್‌ನಲ್ಲಿ ನೀರು ನೂರಕ್ಕೆ ಹತ್ತರ ಆಸುಪಾಸು, ಪೌಚಿನ ವೆಟ್ ಫುಡ್‌ನಲ್ಲಿ ಎಪ್ಪತ್ತೈದರಿಂದ ಎಂಬತ್ತು. ಬರೀ ಒಣದು ತಿಂದರೆ ಒಟ್ಟು ನೀರು ಕಡಿಮೆ ಬೀಳುತ್ತದೆ. ಬರೀ ಹಸಿದು ಕೊಟ್ಟರೆ ದುಡ್ಡೂ ಜಾಸ್ತಿ, ಕೆಲವು ಗಂಟೆ ಇಟ್ಟರೆ ಕೆಡುತ್ತದೆ, ಆಫೀಸಿಗೆ ಹೋಗುವವರಿಗೆ ಆಗದು. ಹಾಗಾಗಿ ಎರಡೂ. ನಾಲ್ಕು ಕಿಲೊ ತೂಕದ ಕುಸುಬಿಗೆ ದಿನಕ್ಕೆ 200ರಿಂದ 250 ಕ್ಯಾಲರಿ ಸಾಕು. ಬೆಳಿಗ್ಗೆ ಒಂದು, ರಾತ್ರಿ ಒಂದು ಪೌಚ್, ನಡುವೆ ಕೊರೆಯೋಕೆ 25 ಗ್ರಾಂ ಒಣದು. ಅಡುಗೆ ತಕ್ಕಡಿಯಲ್ಲಿ ತೂಗುತ್ತೇನೆ. ಹಲ್ಲು ಕೀಳಿಸಿ ವಸಡು ಮಾಗಿದ ಮೇಲೆ, ಹಳೆಯದರ ಜೊತೆ ಹೊಸದನ್ನು ಸ್ವಲ್ಪಸ್ವಲ್ಪ ಬೆರೆಸುತ್ತ ಹತ್ತು ದಿನದಲ್ಲಿ ಇದಕ್ಕೆ ಒಗ್ಗಿಸಿದೆ.

ನಿಜವಾದ ಪ್ರಶ್ನೆ ಶುರುವಾಗಿದ್ದು ಅಲ್ಲಿಂದ. ನೋವು ಹೋಯಿತು, ಸೊಕ್ಕು ಹೋಗಲಿಲ್ಲ! ಮೀನು ಆದರೆ ತಿನ್ನುತ್ತದೆ, ಕೋಳಿ ಆದರೆ ಗ್ರೇವಿ ಮಾತ್ರ ನೆಕ್ಕಿ ತುಂಡು ಬಿಡುತ್ತದೆ. ಫ್ರಿಜ್ಜಿನಿಂದ ತೆಗೆದದ್ದನ್ನು ಬೆಚ್ಚಗೆ ಮಾಡದಿದ್ದರೆ ಮೂಸುವುದೂ ಇಲ್ಲ. ಒಣದನ್ನು ಹಸಿಯಲ್ಲಿ ಕಲಸಿದರೆ ಒಲ್ಲದು, ಬೇರೆ ಬೇರೆ ಬಟ್ಟಲು ಬೇಕು. ನೋವಿನ ‘ಒಲ್ಲೆ’ಯನ್ನು ಗೌರವಿಸಬೇಕು, ಒಪ್ಪಿದೆ. ಬರೀ ರುಚಿಯ ‘ಒಲ್ಲೆ’ಯನ್ನೂ ಗೌರವಿಸಬೇಕಾ?

ಇಲ್ಲಿ ಊರು ನನ್ನ ಕುತ್ತಿಗೆ ಹಿಡಿಯುತ್ತದೆ. 2024–25ಕ್ಕೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ರೂಪಾಯಿ. ಕಿಲೊಗೆ ಮೂವತ್ನಾಲ್ಕು. ಕುಸುಬಿ ಅರ್ಧ ತಿಂದು ಬಿಡುವ 85 ಗ್ರಾಮಿನ ಪೌಚ್ ಅದಕ್ಕಿಂತ ತುಟ್ಟಿ. ಇನ್ನು ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಇಲಿ ಹಿಡಿದ ಪಾಪ ಬೆಕ್ಕಿನದು, ಮೀನಿನ ಪೌಚ್ ಕತ್ತರಿಸುವ ಕೈ ನನ್ನದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ, ನಮ್ಮ ಮನೆಯಲ್ಲಿ ಕಣ್ಣು ಮುಚ್ಚೋನು ನಾನು.

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಬೆಕ್ಕನ್ನು ತಂದಾಗಲೇ ಮಾಂಸವನ್ನೂ ತಂದೆ, ಅದನ್ನ ಒಪ್ಪಿಕೊಳ್ಳಬೇಕು. ಸಸ್ಯಾಹಾರಿ ಮಾಡುತ್ತೇನೆ ಅಂತ ಹೊರಟರೆ ನನ್ನ ಪುಣ್ಯಕ್ಕೆ ಅದರ ಹೃದಯ, ಕಣ್ಣು ಬೆಲೆ ತೆರಬೇಕಾಗುತ್ತದೆ. ಜೋಳದ ದರದ ಪಾಪಕ್ಕೆ ಬೆಕ್ಕಿನ ಊಟ ಕಡಿಮೆ ಮಾಡಿದರೆ ರೈತನಿಗೆ ಒಂದು ಪೈಸೆ ಸಿಗೋದಿಲ್ಲ. ಆ ಸಂಕಟವನ್ನು ಬೇರೆ ಕಡೆ ತೀರಿಸಬೇಕು, ಬೆಕ್ಕಿನ ಮೇಲಲ್ಲ.

ರುಚಿಯ ವಿಷಯಕ್ಕೆ ಬಂದರೆ, ಒಂದು ಸಂಗತಿ ನನ್ನನ್ನು ಮೆತ್ತಗೆ ಮಾಡಿತು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿ ಗುರುತಿಸುವ ಜೀನ್ ಅದರಲ್ಲಿ ಮುರಿದಿದೆ ಅಂತ 2005ರಲ್ಲಿ ಪತ್ತೆಯಾಯಿತು. ನಮಗೆ ಅಮೃತವಾದದ್ದು ಅದಕ್ಕೆ ಬರೀ ತೇವ. ವಾಸನೆಯೇ ಅದಕ್ಕೆ ಅರ್ಧ ಊಟ, ತಣ್ಣಗಿನ ಊಟಕ್ಕೆ ವಾಸನೆ ಕಡಿಮೆ. ಅಂದರೆ ನಾನು ಸೊಕ್ಕು ಅಂದಿದ್ದರಲ್ಲಿ ಹೆಚ್ಚಿನದು ನನಗಿಲ್ಲದ ನಾಲಿಗೆ, ನನಗಿಲ್ಲದ ಮೂಗು. ಆಫೀಸಿನಲ್ಲೂ ನಾವು ಮಾಡಿದ ಫೀಚರ್ ಯಾರೂ ಬಳಸದಿದ್ದರೆ “ಯೂಸರ್‌ಗೆ ಅರ್ಥ ಆಗಿಲ್ಲ” ಅಂತ ಟಿಕೆಟ್ ಮುಚ್ಚುತ್ತೇವಲ್ಲ, ಅದೇ ಚಾಳಿ.

ಹಾಗಂತ ಕೇಳಿದ್ದೆಲ್ಲ ಕೊಡೋದೂ ಪ್ರೀತಿ ಅಲ್ಲ. ಬಿಟ್ಟರೆ ಕುಸುಬಿ ಟ್ರೀಟ್ ತಿಂದೇ ಬದುಕುತ್ತದೆ, ಬೊಜ್ಜು ಬಂದು ಸಾಯುತ್ತದೆ. ಹಾಗಾಗಿ ನಾನು ಹೀಗೆ ಹಂಚಿಕೊಂಡಿದ್ದೇನೆ: ಎಷ್ಟು ಅನ್ನೋದು ನನ್ನದು, ಹೇಗೆ ಅನ್ನೋದು ಅದರದು. ಮೀನೋ ಕೋಳಿಯೋ, ಬೆಚ್ಚಗೋ, ಬೇರೆ ಬಟ್ಟಲೋ, ಅದೇ ಹೇಳಲಿ. ಬಾಗಿಲು, ಬೀದಿ, ಬೇಟೆ ಎಲ್ಲ ಕಳೆದುಕೊಂಡ ಜೀವಕ್ಕೆ ಉಳಿದಿರುವ ಒಂದೇ ಒಂದು ಮಾತು ‘ಒಲ್ಲೆ’. ಅದನ್ನೂ ಕಿತ್ತುಕೊಂಡರೆ ಮನೆಯಲ್ಲಿ ಉಳಿಯೋದು ಬೆಕ್ಕಲ್ಲ, ಬೆಕ್ಕಿನ ಗೊಂಬೆ.

ಇಷ್ಟೆಲ್ಲ ತಿಳಿದವನು ಮೊನ್ನೆ ಮತ್ತೆ ಎಡವಿದೆ. ಅಪ್ಪ ಹೋದ ಮೇಲೆ ಅವ್ವನನ್ನು ಎರಡು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೆ. ಮಧ್ಯಾಹ್ನಕ್ಕೆ ಅಡುಗೆಯವರು ಮಾಡಿಟ್ಟ ಚಪಾತಿ, ಅನ್ನ, ಸಾರು. ಸಂಜೆ ಬಂದು ನೋಡಿದರೆ ಡಬ್ಬಿ ಹಾಗೇ ಇರೋದು. ಕೇಳಿದರೆ “ಹಸವಿಲ್ಲೊ ತಮ್ಮಾ” ಅನ್ನೋಳು. ಹೆಂಡತಿ ಆತಂಕದಿಂದ, “ಏನ್ರೀ, ಅತ್ತಿ ಏನೂ ತಿನ್ನವಲ್ರು” ಅಂದಳು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೇ ಅಂದೆ, “ಹಸದ್ರ ತಿಂತಾಳ ಬಿಡು.”

ಅಂದ ಮೇಲೆ ಕೇಳಿಸಿತು ನನಗೆ, ಏನಂದೆ ಅಂತ.

ಐದನೇ ಮಹಡಿ. ಕೆಳಗೆ ಇಳಿಯಬೇಕಾದರೆ ಲಿಫ್ಟಿನ ಗುಂಡಿ ಒತ್ತೋಕೆ ಹೆದರುವ ಅವ್ವ. ಎರಡು ಮನೆ ಆಚೆ ದೊಡ್ಡವ್ವ ಇಲ್ಲ. ಅಂಗಳಕ್ಕೆ ಬಂದು ಕೂತು ಮಾತಾಡುತ್ತ ಒಂದು ರೊಟ್ಟಿ ಜಾಸ್ತಿ ತಿನ್ನಿಸುವವರು ಯಾರೂ ಇಲ್ಲ. ಅವತ್ತು ಎದ್ದು ಹೋಗಿ ಪಕ್ಕದಲ್ಲಿ ಕೂತೆ. ತುಂಬಾ ಹೊತ್ತಿನ ಮೇಲೆ ಹೇಳಿದಳು, ಕೆಳಗಿನ ಎರಡು ಹಲ್ಲು ಅಲುಗಾಡುತ್ತಿವೆಯಂತೆ, ತಣ್ಣಗಾದ ಚಪಾತಿ ಅಗಿಯಲು ಆಗೋದಿಲ್ಲವಂತೆ. ಹೇಳಿದರೆ ನಮಗೆ ಖರ್ಚು ಅಂತ ಸುಮ್ಮನಿದ್ದಳಂತೆ. ತಾನೇ ಊರಿಂದ ತಂದ ಖಡಕ್ ರೊಟ್ಟಿ ಗಂಟಲ್ಲಿ ಹಾಗೇ ಇತ್ತು. ಬಿಸಿ ಬೇಳೆ ಸಾರಿನಲ್ಲಿ ಅದನ್ನ ಮುರಿದು ನೆನೆಸಿ ಕೊಟ್ಟೆ. ತಿಂದಳು.

ತಿನ್ನುವಾಗ ಕುಸುಬಿ ಬಂದು ಎದುರಿಗೆ ಕೂತಿತು. ಅವ್ವ ಒಂದು ಚೂರು ಹಾಕಿದಳು. ಅದು ಮೂಸಿ, ಅವಳ ಮುಖ ನೋಡಿ, ಎದ್ದು ಹೋಯಿತು.

“ಒಲ್ಲದಂತ,” ಅಂದಳು ಅವ್ವ, ಈ ಸಲ ಸೊಕ್ಕು ಅನ್ನಲಿಲ್ಲ. “ಅದಕ್ಕ ಏನ ಬೇಕೋ ಅದನ್ನ ಹಾಕು ಹೋಗು ತಮ್ಮಾ. ನಾ ತಿಂತೀನಿ.”