ಆಶ್ರಯದ ಅಳತೆಗೋಲು

ಹೆಣ್ಣು ಕೊಡುವ ಮುನ್ನ ಮನೆತನವನ್ನು ವಿಚಾರಿಸುವುದು ನಮ್ಮಲ್ಲಿ ಹಿಂದಿನಿಂದಲೂ ಬಂದ ಪದ್ಧತಿ. ಗಂಡಿನ ಕಡೆಯವರು ಚಾವಡಿಯಲ್ಲಿ ಜಮಖಾನ ಹಾಸಿ, ಉಪ್ಪಿಟ್ಟು ಕೇಸರಿಬಾತು ಕೊಟ್ಟು ಎಷ್ಟೇ ಉಪಚರಿಸಲಿ, ಹೆಣ್ಣಿನ ಕಡೆಯ ಅನುಭವಸ್ಥ ಮುದುಕಿಯೊಬ್ಬಳು ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಬಾವಿ ಎಷ್ಟು ದೂರ, ಬಚ್ಚಲು ಹೇಗಿದೆ, ಕೊಟ್ಟಿಗೆಯ ದನಗಳ ಪಕ್ಕೆಲುಬು ಕಾಣುತ್ತಿದೆಯೇ ಎಂದು ನೋಡಿಕೊಂಡು ಬರುತ್ತಿದ್ದಳು. ಚಾವಡಿ ಹೇಳದ ಸಂಗತಿಯನ್ನು ಹಿತ್ತಿಲು ಹೇಳುತ್ತದೆಂಬುದು ಆಕೆಗೆ ಗೊತ್ತಿತ್ತು. ಈಗ ನಮ್ಮ ಊರುಗಳಲ್ಲಿ ಇನ್ನೊಂದು ಬಗೆಯ ವಿಚಾರಣೆ ನಡೆಯತೊಡಗಿದೆ. ವಯಸ್ಸಾದ ತಂದೆಯನ್ನೋ ತಾಯಿಯನ್ನೋ ಒಪ್ಪಿಸಿ ಬರಬೇಕಾದ ಮನೆಯ ವಿಚಾರಣೆ ಅದು. ಈ ಸಲ ನೋಡಲು ಹೋಗುವವರು ಮಕ್ಕಳು. ಹಿತ್ತಿಲು ನೋಡಬಲ್ಲ ಆ ಮುದುಕಿಯನ್ನೇ ಈಗ ಒಪ್ಪಿಸಬೇಕಾಗಿದೆ.

ಶಿವಮೊಗ್ಗದಲ್ಲಿಯೂ ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಭದ್ರಾವತಿಯಲ್ಲಿಯೂ ಇದು ಕೇವಲ ಕೆಲವರ ಮನೆಯ ಮಾತಾಗಿ ಉಳಿದಿಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ, ಆಮೇಲೆ 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆ, ಇವೆರಡೂ ಒಂದು ಕಾಲಕ್ಕೆ ಎಲ್ಲೆಲ್ಲಿಂದಲೋ ಜನರನ್ನು ಭದ್ರಾವತಿಗೆ ಕರೆತಂದವು. ಕಾಗದದ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಪ್ರತಿಭಟನೆಗಳಾದ ಮೇಲೆ ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ತಂದೆಗೆ ಅನ್ನ ಕೊಟ್ಟ ಊರು ಮಗನಿಗೆ ಕೊಡಲಾರದೆ ಹೋದಾಗ ಮಗ ಬೆಂಗಳೂರಿಗೆ ಹೋಗುವುದು ಅಪರಾಧವಲ್ಲ. ತಂದೆ ತನ್ನ ಬೀದಿಯನ್ನು ಬಿಟ್ಟು ಅವನ ಹಿಂದೆ ಹೋಗಲು ಒಪ್ಪದಿರುವುದೂ ಹಟವಲ್ಲ. 2011ರ ಜನಗಣತಿಯಲ್ಲಿಯೇ ದೇಶದಲ್ಲಿ ಅರವತ್ತು ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಹೀಗಿರುವಲ್ಲಿ, ಹೆತ್ತವರನ್ನು ಆಶ್ರಮಕ್ಕೆ ಕಳುಹಿಸುವುದು ಧರ್ಮವೋ ಅಧರ್ಮವೋ ಎಂಬ ಚರ್ಚಾಸ್ಪರ್ಧೆಯ ವಿಷಯವನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕಳುಹಿಸಲೇಬೇಕಾಗಿ ಬಂದಿದೆ ಎಂದು ಇಟ್ಟುಕೊಳ್ಳೋಣ. ಆ ಮನೆ ಒಳ್ಳೆಯದು, ಸುರಕ್ಷಿತವಾದದ್ದು ಎಂದು ಯಾವ ಅಳತೆಯಿಂದ ಹೇಳುವುದು? ಮತ್ತು ಅಳೆಯತಕ್ಕವರು ಯಾರು?

ಕಾನೂನು ಅಳೆಯಲಿ ಎನ್ನಬಹುದು. ನಮ್ಮ ಪೇಟೆಯಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯಂತೆ ನೋಂದಣಿ ಮಾಡಿಸಿಕೊಳ್ಳಬೇಕು. ವೃದ್ಧಾಶ್ರಮದ ಮಾತು ಬರುವುದು ಅದೇ 2007ರ ಇನ್ನೊಂದು ಕಾಯಿದೆಯಲ್ಲಿ, ಎಂದರೆ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ ಕೇಂದ್ರದ ಕಾಯಿದೆಯಲ್ಲಿ. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಲುವ ಆಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು, ಅವುಗಳ ಮಟ್ಟವನ್ನು ಗೊತ್ತುಪಡಿಸಬಹುದು ಎಂದು ಅದು ಹೇಳುತ್ತದೆ. ವ್ಯಾಕರಣ ಪಾಠ ಹೇಳುವವನಿಗೆ ಇಲ್ಲಿನ ‘ಬಹುದು’ ಕಣ್ಣಿಗೆ ಬೀಳದೆ ಇರದು. ‘ಬೇಕು’ ಎಂಬ ಪದಕ್ಕಿರುವ ಬೆನ್ನೆಲುಬು ‘ಬಹುದು’ ಎಂಬುದಕ್ಕಿಲ್ಲ. ಹಿರಿಯರನ್ನು ಇರಿಸಿಕೊಳ್ಳುವ ಎಲ್ಲ ಮನೆಗಳೂ ನೋಂದಣಿಯಾಗಬೇಕು, ಕನಿಷ್ಠ ಮಟ್ಟವೊಂದನ್ನು ಪಾಲಿಸಬೇಕು ಎಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂತು. ಅದು ಕಾಯಿದೆಯಾಗುವ ಮೊದಲೇ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದು ಮಸೂದೆಯೂ ಬಿದ್ದುಹೋಯಿತು. ಆದುದರಿಂದ ನೋಡುವ ಹೊಣೆ ಬಹುಮಟ್ಟಿಗೆ ಕುಟುಂಬದವರ ಮೇಲೆಯೇ ಬಿದ್ದಿದೆ.

ಕುಟುಂಬದವರು ಏನನ್ನು ನೋಡುತ್ತಾರೆ? ಹಗಲು ಹನ್ನೊಂದು ಗಂಟೆಗೆ, ಮೊದಲೇ ತಿಳಿಸಿ, ಕಾರಿನಲ್ಲಿ ಹೋಗುತ್ತಾರೆ. ಹೊಳೆಯುವ ನೆಲಹಾಸು, ಮುಂದಿನ ಹೂದೋಟ, ಗೋಡೆಯ ದೂರದರ್ಶನ, ಭಜನೆಯ ಕೋಣೆ, ವಾರದ ಊಟದ ಪಟ್ಟಿ ಎಲ್ಲವೂ ಸೊಗಸಾಗಿಯೇ ಕಾಣುತ್ತವೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಹೊಳೆಯುವ ನೆಲ ಒದ್ದೆಯಾದಾಗ ಎಂಬತ್ತರ ಕಾಲಿಗೆ ಏನಾಗುತ್ತದೆ? ಊಟದ ಪಟ್ಟಿಯಲ್ಲಿ ಚಪಾತಿಯಿದೆ. ಹಲ್ಲಿಲ್ಲದವರಿಗೆ ಅದನ್ನು ನೆನೆಸಿ, ತುತ್ತು ತುತ್ತಾಗಿ ನುಂಗಿಸಲು ಅರ್ಧ ಗಂಟೆ ಕೂರುವವರು ಇದ್ದಾರೆಯೇ? ನೀರಿನ ಲೋಟ ಮೇಜಿನ ಮೇಲಿದೆ. ಮಲಗಿದವರ ಕೈಗೆ ಅದು ಎಟಕುತ್ತದೆಯೇ? ಮಗ್ಗುಲಾಗಲಾರದೆ ಮಲಗಿದವರನ್ನು ಎರಡು ಗಂಟೆಗೊಮ್ಮೆಯಾದರೂ ಹೊರಳಿಸುವುದು ಶುಶ್ರೂಷೆಯ ಹಳೆಯ ನಿಯಮ. ಹೊರಳಿಸದಿದ್ದರೆ ಮೂಳೆಯ ಭಾರಕ್ಕೆ ಸಿಕ್ಕ ಚರ್ಮದಲ್ಲಿ ರಕ್ತ ಹರಿಯದೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ರಾತ್ರಿ ಎರಡು ಗಂಟೆಗೆ ಆ ಮಗ್ಗುಲನ್ನು ಬದಲಿಸುವ ಕೈ ಯಾರದು? ರಾತ್ರಿ ಎಷ್ಟು ಮಂದಿಗೆ ಎಷ್ಟು ಜನ ಎಚ್ಚರವಾಗಿರುತ್ತಾರೆ? ಈ ಕಾಲದ ಹಿತ್ತಿಲು ಎಂದರೆ ಆ ರಾತ್ರಿಯೇ. ಹನ್ನೊಂದು ಗಂಟೆಯ ಕಣ್ಣಿಗೆ ಅದು ಕಾಣುವುದಿಲ್ಲ.

ಸುರಕ್ಷತೆಯ ವಿಷಯದಲ್ಲಂತೂ ನಾವು ಇನ್ನೂ ಸುಲಭವಾಗಿ ಮೋಸಹೋಗುತ್ತೇವೆ. ಪರಿಚಿತರೊಬ್ಬರ ತಾಯಿಯನ್ನು ನೋಡಲು ನಾನು ಹೋಗಿದ್ದ ಒಂದು ಮನೆಯಲ್ಲಿ, “ಎರಡು ವರ್ಷದಿಂದ ಇಲ್ಲಿ ಒಬ್ಬರೂ ಬಿದ್ದಿಲ್ಲ” ಎಂದು ವ್ಯವಸ್ಥಾಪಕರು ಅಭಿಮಾನದಿಂದ ಹೇಳಿದರು. ಒಳಗೆ ನೋಡಿದರೆ, ಬೀಳುವಂತಹ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕೆಲವರು ಅಡ್ಡಪಟ್ಟಿ ಹಾಕಿದ ಕುರ್ಚಿಗಳಲ್ಲಿದ್ದರು. ಉಳಿದವರು ಸರಳು ಏರಿಸಿದ ಮಂಚಗಳ ಮೇಲೆ ಹಗಲಿನಲ್ಲಿಯೂ ತೂಕಡಿಸುತ್ತಿದ್ದರು. ಈ ಸಂಗತಿಯನ್ನು ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿಗೆ ಹೇಳಿದಾಗ ಅವರು ನಕ್ಕು, “ಕುಲುಮೆ ಆರಿಸಿಬಿಟ್ಟರೆ ಅಪಘಾತವೇ ಆಗುವುದಿಲ್ಲ ಸ್ವಾಮಿ. ಕಬ್ಬಿಣವೂ ಆಗುವುದಿಲ್ಲ” ಎಂದರು. ಭದ್ರಾವತಿಯವರ ಬಾಯಲ್ಲಿ ಈ ಮಾತಿಗೆ ಇನ್ನೊಂದು ಕಹಿಯೂ ಇದೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಟ್ಟಿಹಾಕಿ ಕಾಪಾಡುತ್ತೇವೆ ಎನ್ನುವುದರ ಕೊನೆಯ ರೂಪ ಯಾವುದೆಂದು ತಮಿಳುನಾಡಿನ ಎರವಾಡಿ ನಮಗೆ 2001ರ ಆಗಸ್ಟ್ 6ರಂದು ತೋರಿಸಿಕೊಟ್ಟಿತು. ಅಲ್ಲಿದ್ದವರು ಮುದುಕರಲ್ಲ, ಮಾನಸಿಕ ರೋಗಿಗಳು. ತಪ್ಪಿಸಿಕೊಂಡು ಹೋಗದಿರಲೆಂದು ಅವರನ್ನು ಸರಪಳಿಯಿಂದ ಬಿಗಿದಿದ್ದರು. ನಸುಕಿನಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ಓಡಿಹೋಗದಂತೆ ತಡೆದ ಸರಪಳಿ ಆಗಲೂ ತನ್ನ ಕೆಲಸವನ್ನು ಮಾಡಿತು. 28 ಮಂದಿ ಸತ್ತರು. ಅಮೆರಿಕದಲ್ಲಿ ವೃದ್ಧರ ಶುಶ್ರೂಷಾಗೃಹಗಳ ಸ್ಥಿತಿಯನ್ನು ತಿದ್ದಲೆಂದು 1987ರಲ್ಲಿ ಬಂದ ಕಾಯಿದೆ, ಶಿಸ್ತಿಗಾಗಿಯೋ ಸಿಬ್ಬಂದಿಯ ಅನುಕೂಲಕ್ಕಾಗಿಯೋ ಅಲ್ಲಿರುವವರನ್ನು ಕಟ್ಟಿಹಾಕುವುದನ್ನು, ಮದ್ದು ಕೊಟ್ಟು ಮಂಕುಮಾಡುವುದನ್ನು ನಿಷೇಧಿಸಿತು. ಕಟ್ಟಿ ಕೂರಿಸಿದ ಕಾಲು ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಆಮೇಲೆ ಬಿಚ್ಚಿದಾಗ ನಿಜವಾಗಿಯೂ ಬೀಳುತ್ತದೆ ಎಂಬುದು ವೈದ್ಯರಿಗೆ ತಿಳಿದ ವಿಷಯ.

ಇದಕ್ಕೆ ಎದುರುಮಾತು ಇಲ್ಲದಿಲ್ಲ. ಎಂಬತ್ತರ ವಯಸ್ಸಿನಲ್ಲಿ ಬಿದ್ದು ತೊಡೆಯ ಮೂಳೆ ಮುರಿದರೆ ಅದು ಸಾಮಾನ್ಯ ಪೆಟ್ಟಲ್ಲ. ಎಷ್ಟೋ ಮಂದಿಗೆ ಅಲ್ಲಿಂದ ಏಳುವುದೇ ಆಗುವುದಿಲ್ಲ. ಮರೆವಿನ ರೋಗದವರು ಬಾಗಿಲು ತೆರೆದಿದ್ದರೆ ಹೆದ್ದಾರಿಗೆ ನಡೆದುಬಿಟ್ಟಾರು. ಹಾಗಿರುವಾಗ ಸ್ವಾತಂತ್ರ್ಯದ ಹೆಸರಿನಲ್ಲಿ ಬೀಳಗೊಡುವುದು ದಯೆಯೇ ಎಂದು ಕೇಳುವವರ ಆತಂಕ ಸುಳ್ಳಲ್ಲ. ಆದರೆ ಸುರಕ್ಷತೆಯಲ್ಲಿಯೂ ಎರಡು ಜಾತಿಯುಂಟು. ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ, ಒಣಗಿದ ನೆಲ, ತಗ್ಗಿನ ಮಂಚ, ಕರೆದರೆ ಬರುವ ಒಬ್ಬ ಆಳು, ಸುತ್ತು ಹೊಡೆದು ಮತ್ತೆ ಅಂಗಳಕ್ಕೇ ಬರುವಂತೆ ಬೇಲಿಯೊಳಗೆ ಒಂದು ಕಾಲುದಾರಿ, ಇದು ಒಂದು ಜಾತಿ. ಹಗ್ಗ, ಬೀಗ, ನಿದ್ರೆಯ ಗುಳಿಗೆ ಇನ್ನೊಂದು ಜಾತಿ. ಮೊದಲನೆಯದು ಮನೆ ನಡೆಸುವವರ ಖರ್ಚನ್ನೂ ಶ್ರಮವನ್ನೂ ಹೆಚ್ಚಿಸುತ್ತದೆ. ಎರಡನೆಯದು ಎರಡನ್ನೂ ಇಳಿಸುತ್ತದೆ. ಯಾವುದೇ ಏರ್ಪಾಡನ್ನು ತೋರಿಸಿ ‘ಇದು ಅವರ ಸುರಕ್ಷತೆಗಾಗಿ’ ಎಂದು ಯಾರಾದರೂ ಹೇಳಿದಾಗ, ಇದರಿಂದ ಯಾರ ಕೆಲಸ ಹಗುರವಾಯಿತು ಎಂದು ಕೇಳಿಕೊಂಡರೆ ಉತ್ತರ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಹಗುರವಾದದ್ದು ಎಷ್ಟೋ ವೇಳೆ ನಮ್ಮದೇ ಮನಸ್ಸು. ದೂರದಲ್ಲಿರುವ ಮಗನಿಗೆ ನಡುರಾತ್ರಿ ಫೋನು ಬರದಿರುವುದೇ ತಾಯಿಯ ಕ್ಷೇಮವೆಂದು ತೋರುತ್ತದೆ. ತಾಯಿಗೆ ಬೇಕಾಗಿರುವುದು ಬೆಳಿಗ್ಗೆ ತಾನೇ ಎದ್ದು ಹೋಗಿ ಎರಡು ದಾಸವಾಳ ಕೊಯ್ದು ತರುವುದು ಇರಬಹುದು. ಬೀಳುವ ಅಪಾಯವಿದೆ ಎಂದು ಆಕೆಗೂ ಗೊತ್ತು. ಗೊತ್ತಿದ್ದೂ ಬೇಕೆನ್ನುವ ಹಕ್ಕನ್ನು ನಾವು ಆಕೆಯ ವಯಸ್ಸಿನ ಕಾರಣದಿಂದಲೇ ಕಸಿದುಕೊಳ್ಳಬಹುದೇ?

ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಪೀಟರ್ ಟೌನ್ಸೆಂಡ್ ತನ್ನ ದೇಶದ ವೃದ್ಧಾಶ್ರಮಗಳ ವಿಷಯವಾಗಿ 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಗ್ರಂಥ ಪ್ರಕಟಿಸಿದ. ಅದಕ್ಕಾಗಿ ಅವನು ಮತ್ತು ಅವನ ಸಂಗಡಿಗರು 173 ಮನೆಗಳನ್ನು ನೋಡಿದ್ದರು. ಲೆಕ್ಕದ ಹಾಳೆ ತುಂಬಿಸಿದ್ದಷ್ಟೇ ಅಲ್ಲ. ಟೌನ್ಸೆಂಡ್ ತಾನೇ ಕೆಲವು ದಿನ ಒಂದು ಕಡೆ ಮುದುಕರಿಗೆ ಸ್ನಾನ ಮಾಡಿಸುವ ಕೆಲಸಕ್ಕೆ ನಿಂತ. ಪಂಡಿತನಿಗೆ ಬಚ್ಚಲಿಗೆ ಹೋಗಬೇಕೆಂದು ತೋರಿತಲ್ಲ, ನಮ್ಮ ಹಿತ್ತಿಲು ನೋಡುವ ಅಜ್ಜಿಯ ಬುದ್ಧಿಗೂ ಇದಕ್ಕೂ ನೆಂಟಸ್ತಿಕೆಯಿದೆ. ಎಲ್ಲರೂ ಹಾಗೆ ಕೆಲಸಕ್ಕೆ ನಿಲ್ಲಲಾರರು. ಆದರೆ ಒಂದು ಕೆಲಸವನ್ನು ಎಲ್ಲರೂ ಮಾಡಬಹುದು. ಹೋದ ಕಡೆ, ಮೂಲೆಯ ಮಂಚದಲ್ಲಿ ಮಲಗಿರುವ, ಯಾರೂ ನೋಡಲು ಬಾರದ ಒಬ್ಬರನ್ನು ಹುಡುಕಿ ಅವರ ಉಗುರು, ಹೊದಿಕೆ, ತುಟಿ ಒಣಗಿದೆಯೋ ಇಲ್ಲವೋ ಎಂಬುದನ್ನು ನೋಡಬಹುದು. ನಮ್ಮ ತಾಯಿಗೆ ನಮ್ಮ ಭಯದಿಂದ ಸಿಗುವ ಉಪಚಾರ ಆ ಮನೆಯ ಗುಣವಲ್ಲ. ಕೇಳುವವರಿಲ್ಲದವರಿಗೆ ಸಿಗುವುದೇ ಅದರ ಗುಣ. ಮುಂದೊಂದು ದಿನ ನಾವು ಹೋಗಲಾರದೆ ಹೋದಾಗ ನಮ್ಮ ತಾಯಿಗೂ ಉಳಿಯುವುದು ಅಷ್ಟೇ.

ಮಾತನ್ನೂ ಕೇಳಿಸಿಕೊಳ್ಳಬೇಕು. ‘ಮೂರನೆಯ ಮಂಚ ಊಟ ಬಿಟ್ಟಿದೆ, ಅದಕ್ಕೆ ನಾಳೆ ಸ್ನಾನ’ ಎಂಬ ಮಾತು ಕಿವಿಗೆ ಬಿದ್ದರೆ ಆ ಮನೆಯ ವಿಷಯ ಅರ್ಧ ತಿಳಿದಂತಾಯಿತು. ಕನ್ನಡದಲ್ಲಿ ಮಗುವನ್ನು ‘ಅದು’ ಎನ್ನುತ್ತೇವೆ. ಆ ನಪುಂಸಕಲಿಂಗದಲ್ಲಿ ವಾತ್ಸಲ್ಯವಿದೆ, ಮಗು ಬೆಳೆದು ‘ಅವನು’, ‘ಅವಳು’ ಆಗುವುದೆಂಬ ನಿರೀಕ್ಷೆಯಿದೆ. ಎಪ್ಪತ್ತು ವರ್ಷ ‘ಅವರು’ ಆಗಿದ್ದವರನ್ನು ‘ಅದು’ ಮಾಡುವಾಗ ಅಂಥ ನಿರೀಕ್ಷೆ ಯಾವುದೂ ಇಲ್ಲ. ಹಾಗೆಂದು ಆ ಮಾತಾಡಿದ ಆಯಾಳನ್ನು ಬೈದು ಬರುವುದು ನ್ಯಾಯವಲ್ಲ. ಆಕೆ ಹಗಲಿನ ಪಾಳಿ ಮುಗಿಸಿ ರಾತ್ರಿಯ ಪಾಳಿಗೂ ನಿಂತಿರಬಹುದು. ಇಪ್ಪತ್ತು ಮಂದಿಯ ಮೈ ಹೊರಳಿಸಿ ಆಕೆಯ ಸೊಂಟವೂ ಬಿದ್ದಿರಬಹುದು. ಆಕೆಗೆ ಸಂಬಳ ಎಷ್ಟು, ಆಕೆ ಎಷ್ಟು ವರ್ಷದಿಂದ ಇಲ್ಲಿದ್ದಾಳೆ ಎಂದು ವಿಚಾರಿಸುವುದು ಊಟದ ಪಟ್ಟಿ ಓದುವುದಕ್ಕಿಂತ ಮುಖ್ಯ. ತಿಂಗಳಿಗೊಬ್ಬಳು ಬದಲಾಗುವ ಕಡೆ ಯಾರ ಹೆಸರೂ ಯಾರಿಗೂ ನೆನಪಿರುವುದಿಲ್ಲ.

ಇಷ್ಟೆಲ್ಲ ಅಳತೆಗಳನ್ನು ಹಿಡಿದುಕೊಂಡ ಮೇಲೆ, ಅವನ್ನು ನಮ್ಮ ಮನೆಗೂ ಒಂದು ಸಲ ಹಿಡಿದು ನೋಡಬೇಡವೇ? ಮನೆಯಲ್ಲಿಯೇ ಇಟ್ಟುಕೊಂಡಿದ್ದೇವೆ ಎಂಬ ಹೆಮ್ಮೆಯ ಹಿಂದೆ ಎಷ್ಟೋ ಕಡೆ ಒಬ್ಬಳೇ ಸೊಸೆಯ ಅಥವಾ ಮಗಳ ಸಂಬಳವಿಲ್ಲದ ರಾತ್ರಿಪಾಳಿ ಇರುತ್ತದೆ. ಅತ್ತೆ ಬಿದ್ದಾರೆಂದು ಹೊರಗಿನಿಂದ ಚಿಲಕ ಹಾಕಿ ಕೆಲಸಕ್ಕೆ ಹೋಗುವ ಮನೆಗಳೂ ಇವೆ. ಆಶ್ರಮದಲ್ಲಿ ಹಗ್ಗವಾದದ್ದು ಮನೆಯಲ್ಲಿ ಪ್ರೀತಿಯಾಗುವುದಿಲ್ಲ. ಒಳ್ಳೆಯ ಆಶ್ರಯಕ್ಕೆ ಬೇಕಾದದ್ದು ನಮ್ಮಲ್ಲಿಲ್ಲದೆ ಇನ್ನೊಂದೆಡೆ ಇದ್ದರೆ, ಅಲ್ಲಿಗೆ ಕಳುಹಿಸುವುದೇ ಮಗನಾದವನ ಕರ್ತವ್ಯವಾದೀತು. ಆದರೆ ಅದನ್ನು ಕಳುಹಿಸಿಕೊಳ್ಳುವವರನ್ನು ಕೇಳಿ, ಅವರನ್ನೂ ಕರೆದುಕೊಂಡು ಹೋಗಿ ತೋರಿಸಿ, ಎರಡು ದಿನ ಇರಿಸಿ, ಬೇಡವೆಂದರೆ ವಾಪಸು ಕರೆತರುವ ಮನಸ್ಸಿನಿಂದ ಮಾಡಬೇಕು.

ಒಪ್ಪಿಸಿದ ದಿನ ಪರೀಕ್ಷೆ ಮುಗಿಯಿತೆಂದು ತಿಳಿಯುವುದು ನಮ್ಮ ದೊಡ್ಡ ಭ್ರಮೆ. ಆ ದಿನ ನಾವು ಅಳೆದದ್ದು ಒಂದು ಕಟ್ಟಡವನ್ನು. ಆ ಮನೆ ಒಳ್ಳೆಯದಾಗಿ ಉಳಿಯುವುದರಲ್ಲಿ ನಮ್ಮದೂ ಒಂದು ಪಾಲಿದೆ. ಹೇಳದೆ ಕೇಳದೆ ಸಂಜೆ ಏಳಕ್ಕೆ ಹೋಗುವ, ಪಕ್ಕದ ಮಂಚದವರನ್ನೂ ಹೆಸರು ಹಿಡಿದು ಮಾತನಾಡಿಸುವ, ಆಯಾಳ ಮಗುವಿನ ಜ್ವರ ಬಿಟ್ಟಿತೇ ಎಂದು ಕೇಳುವ ಸಂದರ್ಶಕರು ಇರುವ ಮನೆಯಲ್ಲಿ ರಾತ್ರಿ ದೀಪಗಳು ಬೇಗ ಆರುವುದಿಲ್ಲ. ಸರ್ಕಾರದ ಪರೀಕ್ಷಕ ಬರಬೇಕು, ‘ಬಹುದು’ ಎಂಬುದು ‘ಬೇಕು’ ಆಗಬೇಕು. ಅದಕ್ಕಾಗಿ ಒತ್ತಾಯಿಸುವುದೂ ನಮ್ಮ ಕೆಲಸವೇ. ಆದರೆ ಆತ ವರ್ಷಕ್ಕೊಮ್ಮೆ ಬಂದಾನು. ಉಳಿದ ದಿನಗಳಲ್ಲಿ ಬರಬೇಕಾದವರು ನಾವು.