ಮಲ್ಲಯ್ಯನ ದಾರಿಯ ನೀರು

ಯುಗಾದಿಗೆ ಇನ್ನೂ ಹಲವು ದಿನ ಇರುವಾಗಲೇ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಜನ ಕಂಬಿ ಹೊತ್ತು ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ, ದಾರಿ ಹಿಡಿಯುತ್ತಾರೆ. ರಾಯಚೂರು ಜಿಲ್ಲೆ ಸೇರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ನಸುಕಿನಲ್ಲಿ ನಡೆ, ಮಧ್ಯಾಹ್ನ ಬೇವಿನ ನೆರಳು, ಹೊತ್ತು ಇಳಿದ ಮೇಲೆ ಮತ್ತೆ ನಡೆ.

ಈ ಜಿಲ್ಲೆಯ ಬಾಗಲವಾಡದ ಸುತ್ತಿನ ಮಾನ್ವಿ, ಸಿರವಾರ ಸೀಮೆಯಲ್ಲಿ ನೀರಿನ ಬೆಲೆ ಎಲ್ಲರಿಗೂ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೆಳಭಾಗಕ್ಕೆ ಮುಟ್ಟಲಿಲ್ಲವೆಂದು ರೈತರು ರಸ್ತೆಗಿಳಿಯುವ ನಾಡು ಇದು. ಇಂಥ ಕಡೆ ದಾರಿಬದಿಗೆ ಶಾಮಿಯಾನ ಹಾಕಿ, ಹರವಿಯಲ್ಲಿ ಮಜ್ಜಿಗೆ ತುಂಬಿಟ್ಟು, ‘ಬರ್ರೀ ಯಪ್ಪಾ, ಉಂಡು ಹೋಗ್ರಿ’ ಎಂದು ಊರವರು ಯಾತ್ರಿಕರನ್ನು ಕರೆಯುತ್ತಾರೆ. ವಯಸ್ಸಾದವರೊಬ್ಬರು ಕುಕ್ಕರಗಾಲಲ್ಲಿ ಕೂತು, ಗುರುತಿಲ್ಲದ ಹುಡುಗನ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಗುಳ್ಳೆಯ ಸುತ್ತ ಎಣ್ಣೆ ಸವರುತ್ತಾರೆ. ಅವರಿಗೆ ಅದು ಮಲ್ಲಯ್ಯನ ಕಾಲು.

ತೊಡಕು ಶುರುವಾಗುವುದು ಆ ಭಾವನೆಯನ್ನು ಹುಡುಗನೂ ನಂಬಿಬಿಟ್ಟಾಗ. ಮೊದಲ ದಿನ ರೊಟ್ಟಿ, ಪುಂಡಿಪಲ್ಲೆಗೆ ಕೈಮುಗಿದವನು ನಾಲ್ಕನೆಯ ದಿನ ‘ಬರೇ ಅನ್ನ ಸಾರೇನ್ರಿ?’ ಎಂದು ಮೂಗು ಮುರಿಯುತ್ತಾನೆ. ಅರ್ಧ ಕುಡಿದ ನೀರಿನ ಪಾಕೀಟು ಹತ್ತಿ ಹೊಲಕ್ಕೆ ಬೀಳುತ್ತದೆ. ನಡೆಯುವ ಕಷ್ಟ ದೊಡ್ಡದೇ, ಆದರೆ ಅದು ಅವನದೇ ಹರಕೆ; ಬಡಿಸುವವರ ಸಾಲವಲ್ಲ.

ಶ್ರೀಶೈಲದಲ್ಲಿ ಈ ಹಕ್ಕಿನ ಭಾವನೆಗೆ ನೆಂಟಸ್ತಿಕೆಯೂ ಸೇರುತ್ತದೆ. ಭಕ್ತರ ನಂಬಿಕೆಯಲ್ಲಿ ಅಲ್ಲಿನ ದೇವಿ ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಿಕಾರ್ಜುನ ಅಳಿಯ. ತವರಿನವರು ಸೀರೆ, ಅರಿಸಿನ, ಕುಂಕುಮ ಹೊತ್ತು ಬರುತ್ತಾರೆ. ಎಷ್ಟು ಚೆಂದದ ಸಂಬಂಧ! ಆದರೆ ಮಗಳ ಊರಿನಲ್ಲಿ ಬೀಗರು ದನಿ ತಗ್ಗಿಸಿಯೇ ನಡೆಯುವುದು ನಮ್ಮ ಪದ್ಧತಿ. 2022ರ ಯುಗಾದಿಗೆ ಮುನ್ನ, ಮಾರ್ಚ್ 30ರ ರಾತ್ರಿ, ಅಲ್ಲಿನ ಅಂಗಡಿಯೊಂದರ ಬಳಿ ಎದ್ದ ಜಗಳದಲ್ಲಿ ಕರ್ನಾಟಕದ ಯುವಕನೊಬ್ಬ ಹಲ್ಲೆಗೊಳಗಾಗಿ ಗಾಯಗೊಂಡ. ಆ ಹಲ್ಲೆಗೆ ಸಮರ್ಥನೆ ಇಲ್ಲ. ಆ ಬಳಿಕ ಸಿಟ್ಟಿಗೆದ್ದ ಯಾತ್ರಿಕರು ಅಂಗಡಿ, ವಾಹನಗಳನ್ನು ಒಡೆದದ್ದಕ್ಕೂ ಇಲ್ಲ. ಜಗಳಕ್ಕೆ ಸಂಬಂಧವೇ ಇಲ್ಲದವರ ಹೊಟ್ಟೆಪಾಡಿಗೂ ಅಂದು ಪೆಟ್ಟು ಬಿತ್ತು.

ಹೊರದೇಶದ ಕನ್ನಡಿಗರಲ್ಲಿ ಸ್ಪೇನಿನ ಸಾಂತಿಯಾಗೋ ಯಾತ್ರೆಯ ದಾರಿ ನಡೆದವರೂ ಇದ್ದಾರೆ. ಅಲ್ಲಿಯ ಕೆಲವು ತಂಗುದಾಣಗಳಿಗೆ ಗೊತ್ತಾದ ಬಾಡಿಗೆ ಇಲ್ಲ. ಡಬ್ಬಿಗೆ ಕೈಲಾದಷ್ಟು ಹಾಕಬೇಕು. ಇಂದಿನವರು ಹಾಕಿದ್ದರಿಂದಲೇ ನಾಳೆ ಬರುವವರ ಅಡುಗೆ. ನಮ್ಮ ದಾಸೋಹಕ್ಕೆ ಡಬ್ಬಿ ಬೇಡ. ಉಂಡವರು ಎಲೆ ಎತ್ತಿದರೆ, ಒಂದು ಪಂಕ್ತಿಗೆ ಬಡಿಸಿದರೆ ಸಾಕು.

ಆತ್ಮಕೂರು ದಾಟಿ ವೆಂಕಟಾಪುರಂ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ಎಂದು ಸಾಗುವ ಕಾಲುದಾರಿ ನಲ್ಲಮಲ ಕಾಡಿನದು, ಹುಲಿಗಳ ನಾಡು. ಅಲ್ಲಿ ಬಿದ್ದದ್ದನ್ನು ಆರಿಸುವವರೂ ಬೇಕು. ಊರಿನಿಂದ ದಾಸೋಹಕ್ಕೆ ಹಣ ಕೇಳಿ ಫೋನ್ ಬಂದಾಗ ದೂರದಲ್ಲಿರುವ ನಮ್ಮವರು ಧಾರಾಳವಾಗಿ ಕಳಿಸುತ್ತಾರೆ. ಈ ಸಲ ಅದರಲ್ಲಿ ಒಂದು ಪಾಲು, ಯಾತ್ರೆ ಸಾಗಿದ ಮೇಲೆ ಹೊಲ ಮತ್ತು ಕಾಡಿನಲ್ಲಿ ಪ್ಲಾಸ್ಟಿಕ್ ಆರಿಸುವವರ ಕೂಲಿಗೆಂದು ಹೇಳಿ ಕಳಿಸಬಹುದು.