ಗುಳಿಗಿ ಮರೆತರೆ ತಪ್ಪು ಯಾರದು?

'ಮೈಗಳ್ಳ' ಎಂಬ ಮಾತು ನಮಗೆ ಹೊಸದಲ್ಲ. ಯಾರ ಬೆವರಿನಿಂದ ಊರು ಉಣ್ಣುತ್ತಿತ್ತೋ ಅವರನ್ನೇ ಊರು ಮೈಗಳ್ಳರೆಂದು ಕರೆಯಿತು. ನಮ್ಮ ಅಪ್ಪ-ಅವ್ವಂದಿರು ಅದನ್ನು ಕಟ್ಟೆಯ ಕೆಳಗೆ ನಿಂತು ಕೇಳಿದವರು. ಅದೇ ಮಾತು ಈಗ ನಮ್ಮ ಮನೆಗಳ ಒಳಗೇ ಬಂದು ಕುಂತಿದೆ. "ಇಷ್ಟು ಓದಿಸೀವಿ, ಇವಗ ಒಂದ್ ತಾಸು ಕುಂತಲ್ಲಿ ಕುಂದ್ರಾಕ ಆಗಂಗಿಲ್ಲ. ರಾತ್ರಿಯೆಲ್ಲಾ ಎಚ್ಚರ, ಹೊತ್ತೇರಿದ ಮ್ಯಾಲೆ ನಿದ್ದಿ. ಸೊಕ್ಕು, ಮತ್ತೇನು?" ಬೆಟಗೇರಿಯ ಓಣಿಯಲ್ಲೂ ಇದೇ ಮಾತು, ಮುಂಡರಗಿ-ಶಿರಹಟ್ಟಿಯ ಹಳ್ಳಿಗಳಲ್ಲೂ ಇದೇ ಮಾತು.

ಸೊಕ್ಕೆಂದು ತೀರ್ಪು ಕೊಡುವ ಮೊದಲು ಕೇಳೋಣ. ಗಮನ ನಿಲ್ಲದ, ಕೈಕಾಲು ನಿಲ್ಲದ ಒಂದು ತೊಂದರೆಯನ್ನು ಡಾಕ್ಟರರು ಎಡಿಎಚ್‌ಡಿ ಅನ್ನುತ್ತಾರೆ. ಚಿಕ್ಕಂದಿನಲ್ಲೇ ಶುರುವಾಗಿ ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ವಂಶದಲ್ಲೂ ಬರುತ್ತದೆ. ಬುದ್ಧಿ ಕಡಿಮೆ ಅಂತಲ್ಲ. ಕೆಲಸ ಶುರು ಮಾಡುವುದು, ಹಿಡಿದದ್ದು ಮುಗಿಸುವುದು, ಹೊತ್ತಿನ ಅಳತೆ ಹಿಡಿಯುವುದು ಕಷ್ಟ. ನಿದ್ದೆಯೂ ತಡವಾಗಿ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಕುಣಿದಾಟ ಕಾಣದೆ 'ಲಕ್ಷ್ಯ ಇಲ್ಲದಾಕಿ' ಎಂಬ ಬೈಗುಳದಲ್ಲೇ ಅದು ಮುಚ್ಚಿಹೋಗುವುದುಂಟು. ಹಾಗಂತ ಚಡಪಡಿಸುವ ಮಕ್ಕಳಿಗೆಲ್ಲ ಈ ಹೆಸರಿಡಬಾರದು. ಹಸಿದ ಕೂಸಿಗೂ ಪಾಠದ ಮೇಲೆ ಗಮನ ನಿಲ್ಲುವುದಿಲ್ಲ. ಡಾಕ್ಟರರೇ ನೋಡಿ ಹೇಳಬೇಕು.

ಬೈಸಿಕೊಂಡೇ ಬೆಳೆದ ಜೀವಕ್ಕೆ ಎಷ್ಟೋ ಸಲ ಖಿನ್ನತೆಯೂ ಅಂಟಿಕೊಳ್ಳುತ್ತದೆ. ಆಗ ಫ್ಲುಯೊಕ್ಸೆಟಿನ್‌ನಂಥ ಗುಳಿಗಿ ಬರೆದುಕೊಡುತ್ತಾರೆ. ಅದು ಮನಸ್ಸಿನ ಭಾರ ಇಳಿಸೀತು. ಗಮನದ ತೊಂದರೆಗೆ ಬೇರೆ ಔಷಧವೇ ಬೇಕಾದೀತು. ಗುಣ ಕಾಣಲು 2ರಿಂದ 6 ವಾರ ಹಿಡಿಯುತ್ತದೆ. ದಿನಾ ತಪ್ಪದೆ ನುಂಗಬೇಕು. ಒಮ್ಮೆಲೇ ಬಿಟ್ಟರೆ ಕೆಲವರಿಗೆ ತಲೆ ಗಿರ್ ಅನ್ನುತ್ತದೆ, ನಿದ್ದೆ ಕೆಡುತ್ತದೆ, ಸಿಟ್ಟು ನೆತ್ತಿಗೇರುತ್ತದೆ.

ಇಲ್ಲಿದೆ ನೋಡಿ ತಿಡುಕು: ಯಾರಿಗೆ ನೆನಪಿಡುವುದೇ ಕಷ್ಟವೋ ಅವರಿಗೆ ನೆನಪಿಟ್ಟು ನುಂಗುವ ಔಷಧ! ಹೊತ್ತೇ ಹಿಡಿತಕ್ಕೆ ಸಿಗದವರಿಗೆ ಹೊತ್ತುಹೊತ್ತಿಗೆ ಮಲಗುವ ಉಪದೇಶ! ಮರೆತರೆ ತಪ್ಪು ಯಾರದು?

'ಶಿಸ್ತು ಇಲ್ಲ' ಅನ್ನುತ್ತಾರೆ. ಶಿಸ್ತು ಅಂದರೇನು? ಸಾಹೇಬರ ಶಿಸ್ತನ್ನೇ ಬಿಚ್ಚಿ ನೋಡಿ. ಅವರ ಗುಳಿಗಿ ಹೆಂಡತಿಯ ನೆನಪಿನಲ್ಲಿದೆ. ಅವರ ಕಾಗದ ಗುಮಾಸ್ತನ ನೆನಪಿನಲ್ಲಿದೆ, ಅವರ ಚಹಾ ಜವಾನನ ನೆನಪಿನಲ್ಲಿದೆ. ನಾಲ್ಕು ತಲೆಗಳು ಹೊತ್ತ ಭಾರಕ್ಕೆ ಒಬ್ಬರ ಹೆಸರಿನಲ್ಲಿ ಶಿಸ್ತು ಎಂಬ ಬಿರುದು. ನಮ್ಮ ಹುಡುಗ ಅಷ್ಟನ್ನೂ ತನ್ನ ಒಂದೇ ತಲೆಯಲ್ಲಿ ಹೊರಬೇಕು, ಬಿದ್ದರೆ ಮೈಗಳ್ಳ. ಇದು ನ್ಯಾಯವೇ?

ಹಾಗಾದರೆ ಹೊಣೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಆದರೆ ಹೊಣೆ ಬೇರೆ, ಹಳಿಯುವುದು ಬೇರೆ. ಗುಳಿಗಿ ತಪ್ಪಿದರೆ ತಪ್ಪಿತು ಎಂದು ಹೇಳುವುದು ನುಂಗುವವರ ಹೊಣೆ. ಹೇಳಿದರೆ ಬೈಯದಿರುವುದು ಮನೆಯ ಹೊಣೆ. ಬೈಗುಳಕ್ಕೆ ಅಂಜಿದವನು ಡಾಕ್ಟರ ಮುಂದೆ "ತಪ್ಪದ ತಗೊಂಡೀನ್ರೀ" ಅನ್ನುತ್ತಾನೆ. ಔಷಧ ಹತ್ತಿಲ್ಲವೆಂದು ಅವರು ಅದನ್ನೇ ಹೆಚ್ಚಿಸಿಯಾರು. ಅಲ್ಲಿಗೆ ನಾಚಿಕೆಯೇ ಇನ್ನೊಂದು ರೋಗವಾಯಿತು.

ನೆನಪನ್ನು ತಲೆಯಿಂದ ಇಳಿಸಿ ಮನೆಯಲ್ಲಿ ಹಂಚೋಣ. ಗುಳಿಗಿ ಮಕ್ಕಳ ಕೈಗೆ ಸಿಗದ, ದೊಡ್ಡವರ ಕಣ್ಣಿಗೆ ಬೀಳುವ ಕಡೆ ಇರಲಿ. ಮುಂಜಾನೆ ರೊಟ್ಟಿಯ ಜೊತೆ ಅದನ್ನು ಕೂಡಿಸಿ, ನುಂಗಿದ ಮೇಲೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ನಿನ್ನೆಯದು ತಪ್ಪಿತೆಂದು ಇವತ್ತು ಎರಡು ನುಂಗಬಾರದು. 'ಕತ್ತಲ ಕೋಣೆ, ನಿಶ್ಶಬ್ದ' ಎಂಬ ಉಪದೇಶ ಮಗ್ಗ, ಒಲೆ, ಏಳು ಮಂದಿ ಒಂದೇ ಸೂರಿನಡಿ ಇರುವ ಮನೆಗೆ ಹೊಂದದು. ಆದರೆ ಏಳುವ ಹೊತ್ತು ಒಂದೇ ಇರಬಹುದು, ಮುಂಜಾನೆಯ ಬಿಸಿಲು ಬಿಟ್ಟಿ ಸಿಗುತ್ತದೆ. ಸಂಜೆಯ ಮೇಲೆ ಚಹಾ ಬಿಡಬಹುದು, ಹಾಸಿಗೆಯಿಂದ ಮೊಬೈಲು ದೂರ ಇಡಬಹುದು. ಕಪ್ಪತಗುಡ್ಡದ ಬೇರು-ಸೊಪ್ಪು ತಿನ್ನುವವರು ಅದನ್ನೂ ಡಾಕ್ಟರರಿಗೆ ಹೇಳಬೇಕು. 25ರೊಳಗಿನವರಿಗೆ ಗುಳಿಗಿ ಶುರುವಾದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬಂದರೆ ಅದೇ ದಿನ ಡಾಕ್ಟರರ ಬಳಿ ಹೋಗಬೇಕು.

ಧಾರವಾಡದ ಮಾನಸಿಕ ಆಸ್ಪತ್ರೆ 1845ರದು. 'ಹುಚ್ಚಾಸ್ಪತ್ರೆ' ಎಂಬ ಹೆಸರಿಗೇ ಅಂಜಿ ನಮ್ಮವರು ದೂರ ಉಳಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೇ ಮನೋರೋಗದ ಆರೈಕೆ ಕಲಿಸಿದರು. 1996ರಲ್ಲಿ ಅದೇ ದೇಶಕ್ಕೆ ಮಾದರಿಯಾಯಿತು. ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. 14416ಕ್ಕೆ ಫೋನು ಮಾಡಿದರೆ ಬಿಟ್ಟಿ ಸಲಹೆ ಸಿಗುತ್ತದೆ. ಸರ್ಕಾರದ ಮಾನಸಿಕ ಆರೈಕೆ ಹಕ್ಕು ಎಂದು, ಅದರಲ್ಲಿ ಜಾತಿಭೇದ ಕೂಡದೆಂದು 2017ರ ಕಾಯ್ದೆ ಹೇಳುತ್ತದೆ. ಹಕ್ಕನ್ನು ಭಿಕ್ಷೆಯಂತೆ ಕೇಳಬೇಕಿಲ್ಲ.

ಲಕ್ಷ್ಮೇಶ್ವರದ ಮಾಸ್ತರರೇ, ಮುಂಡರಗಿಯ ಗೆಳೆಯರೇ, ಹಿಂದಿನ ಬೆಂಚಿನಲ್ಲಿ ಚಡಪಡಿಸುವ ಹುಡುಗನಿಗೆ, ಕಿಟಕಿಯಾಚೆ ನೋಡುವ ಹುಡುಗಿಗೆ ಹೆಸರಿಡುವ ಮೊದಲು ಒಂದು ಮಾತು ಕೇಳಿ: "ರಾತ್ರಿ ನಿದ್ದಿ ಬಂತೇನವಾ? ಉಂಡೀಯೇನಪಾ?" ಶಿಸ್ತು ಶುರುವಾಗುವುದು ಅಲ್ಲಿಂದ.